ಮೂವತ್ತೊಂದನೆಯ ಸಾಲು

ಭಾನುವಾರ ಸಂಜೆ ಆರಕ್ಕೆ ಆಕ್ಲೆಂಡ್ ಬಿಟ್ಟರೆ
ಅದೇ ಭಾನುವಾರ ಮಧ್ಯಾಹ್ನ ಒಂದಕ್ಕೆ ಸಾಂಟಿಯಾಗೊ.
ಹೊರಡುವ ಮೊದಲೇ ತಲುಪಿಬಿಡುವ ವಿಮಾನ ನಮ್ಮದು.
ಈ ಲೆಕ್ಕ ದೊಡ್ಡವರಿಗೇ ಹತ್ತುವುದಿಲ್ಲ,
ನಾಲ್ಕು ವರ್ಷದ ಆನ್ಸೆಲ್ಮೊಗೆ ಎಲ್ಲಿಂದ ಹತ್ತೀತು?

ಅವನಿಗೆ ಗೊತ್ತಿರುವುದು ಇಷ್ಟು:
ಊಟ ಆಯಿತು, ದೀಪ ಆರಿಸಿದರು,
ಬಾಗಿಲು ಮಾತ್ರ ಯಾರೂ ತೆಗೆಯುತ್ತಿಲ್ಲ.

ದಬ್.
ಮುಂದಿನ ಸೀಟಿನ ಬೆನ್ನಿಗೊಂದು ಒದೆ.
ದಬ್, ದಬ್.
ನಡುನಡುವೆ ಕಿರುಚು,
ತಗಡಿನ ಮೇಲೆ ಮೊಳೆ ಎಳೆದ ಹಾಗೆ.
ಕೆಳಗೆ ಪೆಸಿಫಿಕ್, ಒಂದು ದೋಣಿಯ ದೀಪವೂ ಇಲ್ಲ.

ಹತ್ತೊಂಬತ್ತು ವರ್ಷದಿಂದ ಈ ಓಣಿಯಲ್ಲಿ ನಡೆಯುತ್ತಿದ್ದೇನೆ,
ಎರಡು ಮೊಣಕೈ ಅಗಲದ ಓಣಿ.
ನನ್ನ ಬಳಿ ಬಣ್ಣದ ಪೆನ್ಸಿಲ್ಲಿದೆ, ಕಾಗದದ ಕಿರೀಟವಿದೆ,
ಪೈಲಟ್ ಮಾಮ ಬರುತ್ತಾನೆ ನೋಡು ಎಂಬ ಹಳೇ ಸುಳ್ಳಿದೆ.
ಕಿರೀಟ ಹರಿದ.
ಪೆನ್ಸಿಲ್ಲು ಇಪ್ಪತ್ತೆಂಟನೇ ಸಾಲಿನ ಬೋಳುತಲೆಗೆ ಬಿತ್ತು.
ಸೇಬಿನ ರಸ ನನ್ನ ತೋಳಿನಲ್ಲಿ ಇನ್ನೂ ಅಂಟಂಟು.

ತಲೆಯ ಮೇಲೆ ಒಂದೊಂದೇ ಕರೆದೀಪ ಹೊತ್ತಿಕೊಂಡವು.
ಒಬ್ಬಾಕೆ: ಆ ತಾಯಿ ಅನ್ನಿಸಿಕೊಂಡವಳು ಮಾಡುತ್ತಿರುವುದೇನು?
ಒಬ್ಬ ಮುದುಕ: ಒಂದು ಚಮಚ ಕೆಮ್ಮಿನ ಔಷಧಿ ಹಾಕಿ,
ನಮ್ಮ ಮಕ್ಕಳೇನು ಸತ್ತುಹೋದರೆ?
ತಾಯಿ ಯಾಸ್ನಾ
ಕ್ಷಮಿಸಿ ಎಂಬುದನ್ನು ಎರಡು ಭಾಷೆಯಲ್ಲಿ ಹೇಳಿ ಮುಗಿಸಿ
ಮೂರನೆಯದು ಬಾರದೆ ಸುಮ್ಮನೆ ಕೂತಿದ್ದಳು,
ಒಂದು ಕೈಯಲ್ಲಿ ಮಗನ ಷೂ.

ನಾನೂ ಏನು ದೊಡ್ಡ ಒಳ್ಳೆಯವಳಲ್ಲ.
ಹಿಂದಿನ ಅಡುಗೆಕಟ್ಟೆಯಲ್ಲಿ ಪರದೆ ಎಳೆದುಕೊಂಡು
ಐಸ್ ಕಡಿಯುತ್ತಾ ಆ ಹುಡುಗನನ್ನು ಬೈದೆ,
ನಮ್ಮಜ್ಜಿಯ ಮಾವೊರಿಯಲ್ಲಿ, ಬಾಯ್ತುಂಬ.
ಬೈಗುಳ ಮುಗಿದರೂ ಒದೆ ಮುಗಿಯಲಿಲ್ಲ.

ಐದನೇ ಗಂಟೆಗೆ ಮೂವತ್ತನೇ ಸಾಲಿನವನು ಎದ್ದ.
ಹೋನೆ. ಗೋರ್ ಊರಿನವನು.
ಕುರಿಯ ಉಣ್ಣೆ ಕತ್ತರಿಸಲು ಪುಂಟಾ ಅರೆನಾಸ್‌ಗೆ ಹೊರಟವನು.
ಬಾಗಿಲಿನಷ್ಟು ಬೆನ್ನು, ಅಷ್ಟೂ ಒದೆ ತಿಂದದ್ದು ಅದೇ.
ಉಣ್ಣೆಯ ಜಿಡ್ಡು ಕುಡಿದು ಕುಡಿದು
ಕೂಸಿನ ಕೆನ್ನೆಯಂತೆ ಮೆತ್ತಗಾದ ಅಂಗೈ.
ಸುತ್ತ ನಾಲ್ಕು ಸಾಲು ಉಸಿರು ಬಿಗಿಹಿಡಿಯಿತು.
ಯಾಸ್ನಾ ಷೂವನ್ನು ಎದೆಗೆ ಒತ್ತಿಕೊಂಡಳು.

ಅವನು ಹುಡುಗನ ಮುಖ ನೋಡಲೇ ಇಲ್ಲ.
ಓಣಿಯಲ್ಲಿ ಮಂಡಿಯೂರಿ, ಕಾಲು ನೋಡಿದ.
ಸೀಟಿನ ಅಂಚಿನಲ್ಲಿ ಜೋತುಬಿದ್ದ ಎರಡು ಪುಟ್ಟ ಕಾಲು,
ಐದು ಗಂಟೆಯಿಂದ ಗಾಳಿಯಲ್ಲಿ.

"ಕುರಿಯನ್ನು ಕುಂಡೆಯ ಮೇಲೆ ಕೂರಿಸಿ
ಬೆನ್ನನ್ನು ನನ್ನ ಮೊಣಕಾಲಿಗೆ ಆನಿಸಿದರೆ ಮುಗಿಯಿತು," ಎಂದ ನನಗೆ.
"ಕಾಲಿಗೆ ನೆಲ ಸಿಗದಿದ್ದರೆ ಅದು ಒದೆಯುವುದನ್ನೇ ಮರೆಯುತ್ತದೆ.
ಇದು ಉಲ್ಟಾ ಪ್ರಾಣಿ.
ಇದಕ್ಕೆ ನೆಲ ಬೇಕು."

ಮೇಲಿಂದ ತನ್ನ ಚೀಲ ಇಳಿಸಿದ:
ಉಣ್ಣೆ ಅಂಗಿಗಳು, ಕೆಲಸಕ್ಕೆ ತೊಡುವ ಗೋಣಿಯ ಮೆಟ್ಟು,
ಕುರಿದೊಡ್ಡಿಯ ವಾಸನೆ.
ಹುಡುಗನ ಕಾಲಡಿಗೆ ತುರುಕಿ, ತಟ್ಟಿ, ಮಟ್ಟ ಮಾಡಿದ.
ಹಾಗೆ ಇಡಬಹುದೋ ಇಲ್ಲವೋ, ನಾನು ಕಿಟಕಿಯ ಕಡೆ ನೋಡಿದೆ.

ಎರಡು ಅಂಗಾಲು ಊರಿದವು.
ಬೆರಳು ಒಂದೊಂದಾಗಿ ತಡಕಾಡಿ ನೋಡಿದವು.
ಇನ್ನೊಂದು ಒದೆ ಬಂತು, ಸಾಲ ತೀರಿಸಿದ ಹಾಗೆ.
ಆಮೇಲೆ ಇಲ್ಲ.

"ಮ್ಯಾ," ಎಂದ ಹೋನೆ, ಬೇರೇನೂ ತೋಚದೆ.
ಹುಡುಗ ನಗಲಿಲ್ಲ.
ಇಷ್ಟು ಬೆಳೆದೂ ಇವನಿಗೆ ಬುದ್ಧಿ ಬಂದಿಲ್ಲವಲ್ಲ
ಎನ್ನುವ ಹಾಗೆ ನೋಡಿದ.

ಅವನು ಆ ರಾತ್ರಿ ನಿದ್ದೆ ಮಾಡಿದ ಎಂದರೆ ಸುಳ್ಳಾಗುತ್ತದೆ.
ಮೊದಲು ಮಲಗಿದ್ದು ಅವನಮ್ಮ, ಬಾಯಿ ತೆರೆದು.
ನಾನು ಮಡಚುಕುರ್ಚಿಯಲ್ಲಿ ಕೂತು ಷೂ ಬಿಚ್ಚಿದೆ.
ಪಾದ ಎರಡೂ ನೆಲದ ಮೇಲಿದ್ದವು.
ಆ ನೆಲದ ಕೆಳಗೆ, ಹತ್ತು ಸಾವಿರ ಮೀಟರ್, ಏನೂ ಇರಲಿಲ್ಲ.

ಇಳಿಯುವಾಗ ಕಿವಿ ನೋವಿಗೆ ಮತ್ತೆ ಕಿರುಚಿದ.
ಈ ಸಲ ಗುಂಡಿ ಒತ್ತಿದವರು ಮೂವರೇ.

ಬಾಗಿಲಲ್ಲಿ ನಿಂತು ಎಲ್ಲರಿಗೂ ಶುಭದಿನ ಹೇಳುತ್ತಿದ್ದೆ.
ಬಿಸಿಲಿತ್ತು, ಇನ್ನೂ ಭಾನುವಾರವೇ.
ಆನ್ಸೆಲ್ಮೊ ಹೊಸ್ತಿಲು ದಾಟಿ, ಹಸಿರು ಕಾರ್ಪೆಟ್ಟಿನ ಮೇಲೆ ನಿಂತು,
ಅಮ್ಮನ ಕೈ ಬಿಡಿಸಿಕೊಂಡು
ದಬ್, ದಬ್,
ಎರಡು ಸಲ ತುಳಿದು ನೋಡಿದ.